ತಂದೆಯ ಕಸುಬು, ಮಗುವಿನ ಆಯುಸ್ಸು

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ವರ್ಗ ವರ್ಗ ಎನ್ನುತ್ತೀರಲ್ಲ, ಅದನ್ನು ಸೇರಿನಲ್ಲಿ ಅಳೆಯುತ್ತೀರೋ, ತಕ್ಕಡಿಯಲ್ಲಿ ತೂಗುತ್ತೀರೋ ಎಂದು ನಮ್ಮನ್ನು ಹಂಗಿಸುವವರುಂಟು. ಅಳೆಯಬಹುದು. ಇಂಗ್ಲೆಂಡಿನಲ್ಲಿ ನೂರು ವರ್ಷಕ್ಕೂ ಹಿಂದೆಯೇ ಅಳೆದಿದ್ದಾರೆ. ಅವರ ಅಳತೆಗೋಲು ಒಂದೇ ಪ್ರಶ್ನೆ: ಮಗುವಿನ ತಂದೆಯ ಕಸುಬೇನು?

1911ರ ಅಂಕಿಗಳನ್ನು ಹಿಡಿದು ಅಲ್ಲಿಯ ರಿಜಿಸ್ಟ್ರಾರ್ ಜನರಲ್ ಕಚೇರಿಯ ಸ್ಟೀವನ್ಸನ್ ಎಂಬ ಅಧಿಕಾರಿ ಕಸುಬುಗಳನ್ನು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ವಕೀಲ, ವೈದ್ಯ ಮೊದಲಾದವರು. ಐದನೆಯದರಲ್ಲಿ ಕುಶಲತೆ ಬೇಡದ ಕೂಲಿಯವರು. ಬಟ್ಟೆ ಗಿರಣಿಯವರು, ಗಣಿಯವರು, ಹೊಲದ ಕೂಲಿಗಳು ಈ ಮೂವರಿಗೆ ಬೇರೆ ಬೇರೆ ದರ್ಜೆ. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಂಡವು ಮೊದಲ ದರ್ಜೆಯಲ್ಲಿ 76, ಐದನೆಯದರಲ್ಲಿ 153. ಹಣೆಬರಹ ಬರೆಯುವ ಬ್ರಹ್ಮ ಮೊದಲು ತಂದೆಯ ಕಸುಬನ್ನು ವಿಚಾರಿಸುತ್ತಾನೆಯೆ?

ಬದುಕುಳಿದ ಮಕ್ಕಳ ಗತಿಯೇನು? ಅದಕ್ಕೂ ಉತ್ತರ ದೊರೆತಿದೆ. 1946ರ ಮಾರ್ಚಿಯ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳಲ್ಲಿ 5,362 ಮಂದಿಯನ್ನು ಆರಿಸಿ, ಡಾ. ಜೇಮ್ಸ್ ಡಗ್ಲಸ್ ಮತ್ತು ಸಂಗಡಿಗರು ಅವರ ಬಾಳನ್ನು ಗಮನಿಸುತ್ತ ಬಂದರು. ಮುಂದಿನ ತಲೆಮಾರಿನ ವಿದ್ವಾಂಸರು ಆ ಕೆಲಸವನ್ನು ಬಿಡಲಿಲ್ಲ. 2016ರಲ್ಲಿ ಆ ಮಕ್ಕಳಿಗೆ 70 ತುಂಬಿತು.

1946 ಯುದ್ಧ ಮುಗಿದ ಹೊಸತು; ಅನೇಕ ತಂದೆಯರ ಕೆಲಸ ಇನ್ನೂ ನೆಲೆಗೊಂಡಿರಲಿಲ್ಲ. ಆದುದರಿಂದ ಮಗುವಿಗೆ 4 ವರ್ಷವಾದಾಗಿನ ಕಸುಬನ್ನು ಲೆಕ್ಕಕ್ಕೆ ಹಿಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಇದು: 26ರಿಂದ 54ರ ವಯಸ್ಸಿನಲ್ಲಿ ಸತ್ತವರ ಪ್ರಮಾಣ, ಮೈಮುರಿದು ದುಡಿಯುವವರ ಮಕ್ಕಳಲ್ಲಿ ಉಳಿದವರ ಮಕ್ಕಳಿಗಿಂತ ಸುಮಾರು ಇಮ್ಮಡಿ. 1948ರಿಂದ ಸರ್ಕಾರವೇ ಎಲ್ಲರಿಗೂ ವೈದ್ಯೋಪಚಾರ ಒದಗಿಸಿದ ದೇಶದ ಮಾತಿದು! ಆಸ್ಪತ್ರೆಯ ಬಾಗಿಲು ತೆರೆದರೂ ಬಾಲ್ಯದ ಇಕ್ಕಟ್ಟಿನ ಮನೆ, ಅರೆಹೊಟ್ಟೆಗಳ ಸಾಲ ದೇಹದಲ್ಲಿ ಉಳಿಯುತ್ತದೆ.

ಈ ಅಳತೆಗೋಲಿನಲ್ಲೂ ಎರಡು ಕೊರತೆಗಳಿದ್ದವು. ಒಂದು, ತಾಯಿಯ ದುಡಿಮೆ ಕಾಣುತ್ತಿರಲಿಲ್ಲ. ಲ್ಯಾಂಕಾಷೈರಿನ ಗಿರಣಿಗಳಲ್ಲಿ ಮದುವೆಯಾದ ಹೆಂಗಸರೂ ಮಗ್ಗ ನಡೆಸಿದರು. ಆದರೆ ಅವರ ದರ್ಜೆಯನ್ನು ಗಂಡನ ಕಸುಬು ನಿರ್ಧರಿಸಿತು. ಎರಡು, ಕಸುಬಿನ ಹೆಸರು ಪೂರ್ತಿ ಸತ್ಯ ಹೇಳುವುದಿಲ್ಲ. ಹತ್ತು ಆಳುಗಳನ್ನಿಟ್ಟವನೂ ಅಂಗಡಿಕಾರ, ಹೆಂಡತಿಯೊಡನೆ ತಾನೇ ಗಲ್ಲದ ಮೇಲೆ ಕೂರುವವನೂ ಅಂಗಡಿಕಾರ. 2001ರಿಂದ ಬ್ರಿಟನ್ ಹೊಸ ವರ್ಗೀಕರಣ ಬಳಸಿತು. ಸ್ವಂತ ದುಡಿಮೆಯೋ, ಆಳುಗಳನ್ನಿಟ್ಟಿದ್ದೀರೋ, ಇನ್ನೊಬ್ಬರ ಕೈಕೆಳಗೋ ಎಂದು ಅದು ಕೇಳುತ್ತದೆ. ಸಣ್ಣ ಮಾಲೀಕರಿಗೆ, ಸ್ವಂತ ದುಡಿಮೆಯವರಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ.

ಇದರಿಂದ ನಮಗೊಂದು ಕರ್ತವ್ಯ ಒದಗುತ್ತದೆ. ಖಾನೇಷುಮಾರಿಯವರು ಬಾಗಿಲಿಗೆ ಬಂದಾಗ "ಕೂಲಿ", "ವ್ಯಾಪಾರ" ಎಂದು ಒಂದೇ ಮಾತಿನಲ್ಲಿ ಸಾಗಹಾಕುವುದು ಬೇಡ. ಯಾವ ಖಾತೆ, ಯಾವ ಯಂತ್ರ, ಕಾಯಮ್ಮೋ ಬದಲಿಯೋ ಎಂದು ಬಿಡಿಸಿ ಹೇಳೋಣ. ಮನೆಯಲ್ಲಿ ಬೀಡಿ ಕಟ್ಟುವ ತಾಯಿಯ ಮುಂದೆ "ಮನೆಗೆಲಸ" ಎಂದು ಬರೆಯಗೊಡದಿರೋಣ. ಲೆಕ್ಕದಲ್ಲಿ ಕಾಣದ ದುಡಿಮೆಗೆ ಹಕ್ಕು ಕೇಳುವುದು ಕಷ್ಟ. ನಮ್ಮ ಮಕ್ಕಳ ಆಯುಸ್ಸು ಎಲ್ಲಿ ಸೋರಿಹೋಗುತ್ತಿದೆ ಎಂದು ಮುಂದೊಮ್ಮೆ ಹುಡುಕುವವರಿಗೆ ಆ ಒಂದು ಸಾಲೇ ದಾರಿ ತೋರಿಸಬೇಕು.