ಶಾಲು ಹೊದಿಸಿದ ಮರುದಿನ

(ಬೆಳ್ಳಂದೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕ್ರೀಡಾಪಟುಗಳನ್ನೂ ತರಬೇತುದಾರರನ್ನೂ ಸನ್ಮಾನಿಸುವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ನಮ್ಮ ಸಮುದಾಯದ ಸಭೆಗಳಲ್ಲಿ ಸನ್ಮಾನಕ್ಕೆ ಕೊರತೆಯಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ, ವೈದ್ಯಕೀಯ ಸೀಟು ಪಡೆದವರಿಗೆ ನಾವು ಶಾಲು ಹೊದಿಸುತ್ತ ಬಂದಿದ್ದೇವೆ. ಹೆಣ್ಣುಮಕ್ಕಳ ಅಂಕಪಟ್ಟಿಯನ್ನು ಸಭೆಯ ಮುಂದೆ ಹೆಮ್ಮೆಯಿಂದ ಓದುವ ಮಟ್ಟಕ್ಕೆ ಬರುವುದಕ್ಕೇ ನಮಗೆ ಬಹಳ ಕಾಲ ಹಿಡಿಯಿತು. ಇಂದು ಈ ಶಾಲೆ ಒಂದು ಹೆಜ್ಜೆ ಮುಂದಿಟ್ಟು, ಓಡಿ, ಜಿಗಿದು, ಚೆಂಡು ಎಸೆದು ಗೆದ್ದವರನ್ನೂ ಅವರನ್ನು ಅಣಿಗೊಳಿಸಿದವರನ್ನೂ ಒಂದೇ ವೇದಿಕೆಗೆ ಕರೆದಿದೆ. ಇದಕ್ಕಾಗಿ ಶಾಲೆಯ ಆಡಳಿತಕ್ಕೆ ನಮ್ಮ ಅಭಿನಂದನೆಗಳು.

ಆದರೆ ನಾವಿಂದು ಮಾತಾಡಬೇಕಾಗಿರುವುದು ಶಾಲು ಹೊದಿಸಿದ ಮರುದಿನದ ಬಗ್ಗೆ. ನಮ್ಮ ಅನೇಕ ಮನೆಗಳಲ್ಲಿ ಹೆಣ್ಣುಮಗಳ ಕ್ರೀಡಾಜೀವನ ಎಂಟನೆಯ ಅಥವಾ ಒಂಬತ್ತನೆಯ ತರಗತಿಗೆ ಮುಗಿಯುತ್ತದೆ. ಕಪ್ಪು ಶೋಕೇಸಿಗೆ ಸೇರುತ್ತದೆ, ಶೂ ತಮ್ಮನಿಗೋ ತಂಗಿಗೋ ಸಿಗುತ್ತದೆ, ಬಳಿಕ 'ಇಷ್ಟು ಸಾಕು' ಎಂಬ ಮಾತು ಬರುತ್ತದೆ. ಮುಂದಿನ ವರ್ಷ ಪರೀಕ್ಷೆ, ದೂರದ ಊರಿನಲ್ಲಿ ಪಂದ್ಯ, ಧರಿಸಬೇಕಾದ ಉಡುಪು, ಪುರುಷ ತರಬೇತುದಾರರು, ನೆಂಟರ ಮಾತು, ನಾಳೆಯ ಮದುವೆ ಎಂದು ಹಲವು ಕಾರಣಗಳಿರುತ್ತವೆ. ಇವುಗಳನ್ನು ಹೇಳುವ ತಂದೆತಾಯಿಗಳನ್ನು ನಾವು ಹೀಗಳೆಯುವುದಿಲ್ಲ. ಮಗಳ ಮೇಲಿನ ಕಾಳಜಿಯಿಂದಲೇ ಬಹಳಷ್ಟು ಮಂದಿ ಹೀಗೆ ಹೇಳುತ್ತಾರೆ. ಆದರೆ ಅಡ್ಡಿಯೊಂದು ಎದುರಾದಾಗ ಅದನ್ನು ನಿವಾರಿಸುವ ವ್ಯವಸ್ಥೆ ಮಾಡಬೇಕೇ ಅಥವಾ ಆಟವನ್ನೇ ನಿಲ್ಲಿಸಬೇಕೇ?

ಪ್ರವಾದಿ(ಸ)ರ ಬದುಕಿನ ಒಂದು ಘಟನೆ ತಮಗೆಲ್ಲ ತಿಳಿದಿದೆ. ಪ್ರಯಾಣವೊಂದರಲ್ಲಿ ಅವರು ಸಂಗಾತಿಗಳನ್ನು ಮುಂದೆ ಸಾಗಲು ಹೇಳಿ, ಪತ್ನಿ ಆಯಿಷಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದರು. ಆ ಸಲ ಆಯಿಷಾ ಗೆದ್ದರು. ಕಾಲಾನಂತರ ನಡೆದ ಇನ್ನೊಂದು ಓಟದಲ್ಲಿ ಪ್ರವಾದಿ(ಸ) ಗೆದ್ದರು. ಗೆದ್ದವರು ಯಾರು ಎಂಬುದನ್ನೇ ನಾವು ಸಾಮಾನ್ಯವಾಗಿ ನೆನಪಿಸಿಕೊಳ್ಳುತ್ತೇವೆ. ಸಂಗಾತಿಗಳನ್ನು ಮುಂದೆ ಕಳುಹಿಸಿದ ವಿಚಾರವನ್ನು ಗಮನಿಸುವುದು ಕಡಿಮೆ. ಲಜ್ಜೆಯ ಹೆಸರಿನಲ್ಲಿ ಅಲ್ಲಿ ಓಟ ನಿಲ್ಲಲಿಲ್ಲ. ಓಟ ನಡೆಯಲಿ ಎಂದು ಏಕಾಂತದ ವ್ಯವಸ್ಥೆ ಮಾಡಲಾಯಿತು. ಹೆಣ್ಣುಮಕ್ಕಳ ಕ್ರೀಡೆಯ ಕುರಿತು ನಮಗೆ ಬೇಕಾದ ಮಾರ್ಗದರ್ಶನ ಇದರಲ್ಲಿದೆ.

ಉಡುಪಿನ ವಿಷಯಕ್ಕೆ ಬರೋಣ. ತಲೆಗೆ ವಸ್ತ್ರ ಧರಿಸಿ ಆಡಲು ಬಿಡದ ನಿಯಮಗಳು ಜಾಗತಿಕ ಮಟ್ಟದಲ್ಲೇ ಇದ್ದವು. ಫುಟ್ಬಾಲಿನಲ್ಲಿ ಅದಕ್ಕೆ 2014ರಲ್ಲಿ ಅನುಮತಿ ದೊರೆಯಿತು. 2023ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊರೊಕ್ಕೊದ ನುಹೈಲಾ ಬೆಂಝಿನಾ ಹಿಜಾಬ್ ಧರಿಸಿ ಮೈದಾನಕ್ಕಿಳಿದರು. ಬಾಸ್ಕೆಟ್‌ಬಾಲಿನ ನಿಯಮ 2017ರಲ್ಲಿ ಬದಲಾಯಿತು. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ 2016ರ ರಿಯೋ ಒಲಿಂಪಿಕ್ಸಿನ ಕತ್ತಿವರಸೆಯಲ್ಲಿ ಹಿಜಾಬ್ ಧರಿಸಿಯೇ ತಂಡದ ಕಂಚಿನ ಪದಕದಲ್ಲಿ ಪಾಲುದಾರರಾದರು. ಆಟವನ್ನು ಬಿಡಲೊಪ್ಪದ ಹೆಣ್ಣುಮಕ್ಕಳು ಮತ್ತೆ ಮತ್ತೆ ಕೇಳಿದ್ದರಿಂದಲೇ ಇಂತಹ ನಿಯಮಗಳು ಸಡಿಲಗೊಂಡವು. 2022ರಲ್ಲಿ ನಮ್ಮ ರಾಜ್ಯದಲ್ಲಿ ಶಿರವಸ್ತ್ರದ ಹೆಸರಿನಲ್ಲಿ ಎಷ್ಟೋ ವಿದ್ಯಾರ್ಥಿನಿಯರಿಗೆ ತರಗತಿಯ ಬಾಗಿಲು ಮುಚ್ಚಿದಾಗ ನಾವೆಲ್ಲ ನೊಂದಿದ್ದೇವೆ. ಅದೇ ವಸ್ತ್ರದ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ಮೈದಾನದ ಬಾಗಿಲನ್ನು ನಾವೇ ಮುಚ್ಚುವುದು ಯಾವ ನ್ಯಾಯ?

ಇನ್ನು ಮನೆಯವರ ಮಾತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಎಂದರೆ ನಮಗೆ ಪಿ.ಟಿ. ಉಷಾ ನೆನಪಾಗುತ್ತಾರೆ. 400 ಮೀಟರ್ ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಅವರ ಕಂಚು ಕೈತಪ್ಪಿತು. ಆ ಓಟದಲ್ಲಿ ಚಿನ್ನ ಗೆದ್ದವರು ಯಾರು? ಮೊರೊಕ್ಕೊದ ನವಾಲ್ ಅಲ್ ಮುತವಕ್ಕಿಲ್. ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ ಅವರು. ಮಗಳ ಓಟಕ್ಕೆ ಬೆಂಬಲವಾಗಿ ನಿಂತು ಆಕೆ ಅಮೆರಿಕಕ್ಕೆ ಹೋಗಲು ಒಪ್ಪಿದ ತಂದೆ ಆ ಗೆಲುವನ್ನು ಕಾಣಲು ಬದುಕಿರಲಿಲ್ಲ. ಒಂದೇ ಟ್ರ್ಯಾಕಿನಲ್ಲಿ ಓಡಿದ ಇಬ್ಬರಲ್ಲಿ ಒಬ್ಬರ ಹಿಂದೆ ತಂದೆಯ ಅನುಮತಿಯಿತ್ತು. ಇನ್ನೊಬ್ಬರ ಹಿಂದೆ ಶಾಲಾ ದಿನಗಳಲ್ಲೇ ಆಕೆಯನ್ನು ಗುರುತಿಸಿ ಬೆಳೆಸಿದ ಒ.ಎಂ. ನಂಬಿಯಾರ್ ಎಂಬ ತರಬೇತುದಾರರಿದ್ದರು.

ನಮಗೆ ಹತ್ತಿರದ ನಿಜಾಮಾಬಾದಿನ ನಿಖತ್ ಝರೀನ್ ಅವರನ್ನು ನೋಡಿ. ಅವರ ತಂದೆ ಜಮೀಲ್ ಅಹ್ಮದ್ ಸೌದಿ ಅರೇಬಿಯಾದಲ್ಲಿ ವರ್ಷಗಟ್ಟಲೆ ದುಡಿದು, ಹೆಣ್ಣುಮಕ್ಕಳ ಓದು ಮತ್ತು ಕ್ರೀಡೆಗಾಗಿ ಊರಿಗೆ ಮರಳಿದವರು. ಮಗಳು ಬಾಕ್ಸಿಂಗ್ ಆರಿಸಿಕೊಂಡಾಗ ಉಡುಪಿನ ಬಗ್ಗೆ ನೆಂಟರೂ ಸ್ನೇಹಿತರೂ ಆಕ್ಷೇಪಿಸಿದರು. ತಂದೆ ಮಗಳ ಪಕ್ಕದಲ್ಲೇ ನಿಂತರು. ಸಂಸಾಮುದ್ದೀನ್ ಎಂಬ ಸ್ಥಳೀಯ ತರಬೇತುದಾರರು ಮೊದಲ ಪಾಠ ಕಲಿಸಿದರು. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದಿಲ್ಲಿಯಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ತೆಲಂಗಾಣ ಪೊಲೀಸ್ ಇಲಾಖೆಯಲ್ಲಿ ಡಿಎಸ್ಪಿ ಹುದ್ದೆ ವಹಿಸಿಕೊಂಡರು. ಗಲ್ಫಿನಲ್ಲಿ ಬೆವರು ಸುರಿಸುವ ನಮ್ಮ ತಂದೆಯರು ಈ ಮನೆಯ ಕಥೆಯನ್ನು ಒಮ್ಮೆ ತಮ್ಮ ಮಕ್ಕಳಿಗೆ ಹೇಳಬೇಕು.

ಸಹೋದರ ಸಹೋದರಿಯರೇ, ತರಬೇತುದಾರರ ವಿಷಯದಲ್ಲಿ ಸಮಾಜ ಇನ್ನೂ ಜಿಪುಣ. ನಮ್ಮ ದೇಶದಲ್ಲಿ ಆಟಗಾರರಿಗೆ ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಕಲಿಸಿದವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ, ಇಪ್ಪತ್ತನಾಲ್ಕು ವರ್ಷಗಳ ನಂತರ. ಆ ಮೊದಲ ವರ್ಷವೇ ಅದನ್ನು ಪಡೆದ ನಂಬಿಯಾರ್ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಫುಟ್ಬಾಲ್ ಚಿನ್ನ ತಂದುಕೊಟ್ಟ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ನಮ್ಮ ಕರ್ನಾಟಕದ ತಂಡಕ್ಕೂ ಆಡಿದ ನೂಶೀನ್ ಅಲ್ ಖದೀರ್ ಅವರನ್ನು ಈ ವೇದಿಕೆಯಲ್ಲಿ ವಿಶೇಷವಾಗಿ ನೆನೆಯಬೇಕು. ಆಫ್ ಸ್ಪಿನ್ ಬೌಲರ್ ಆಗಿ ಅವರು ಭಾರತದ ಪರ 78 ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ಪಡೆದರು. 2005ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ವಿಶ್ವಕಪ್ ಫೈನಲ್ಲಿನಲ್ಲಿ ಆಸ್ಟ್ರೇಲಿಯಕ್ಕೆ ಸೋತ ತಂಡದಲ್ಲಿ ಅವರಿದ್ದರು. 2023ರ ಜನವರಿಯಲ್ಲಿ ಅದೇ ದಕ್ಷಿಣ ಆಫ್ರಿಕಕ್ಕೆ 19 ವರ್ಷದೊಳಗಿನ ಹುಡುಗಿಯರ ತಂಡದ ತರಬೇತುದಾರರಾಗಿ ತೆರಳಿದರು. ಫೈನಲ್ಲಿನಲ್ಲಿ ಇಂಗ್ಲೆಂಡನ್ನು 68 ರನ್ನುಗಳಿಗೆ ಕಟ್ಟಿಹಾಕಿ, ಆ ವಯೋಮಾನದ ಮೊದಲ ಮಹಿಳಾ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಿತು. ಆಟಗಾರ್ತಿಯಾಗಿ ಕೈಗೆಟುಕದ ವಿಶ್ವಕಪ್ಪನ್ನು ಅವರು ತರಬೇತುದಾರರಾಗಿ, ತಾವು ಕಲಿಸಿದ ಹುಡುಗಿಯರ ಕೈಯಲ್ಲಿ ಕಂಡರು. ಇಂದು ಇಲ್ಲಿ ಪದಕ ಧರಿಸಿರುವ ವಿದ್ಯಾರ್ಥಿನಿಯರಲ್ಲಿ ಹತ್ತು ಮಂದಿ ಮುಂದೆ ತರಬೇತುದಾರರಾದರೆ, 'ಹೆಣ್ಣುಮಕ್ಕಳಿಗೆ ಕಲಿಸಲು ಮಹಿಳೆಯರಿಲ್ಲ' ಎಂಬ ನಮ್ಮ ಹಳೆಯ ದೂರಿಗೆ ಉತ್ತರ ಸಿಕ್ಕಂತಾಗುತ್ತದೆ.

ಆದರೆ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಸ್ಥಿತಿ ಹೇಗಿದೆ? ಅಸೆಂಬ್ಲಿಯಲ್ಲಿ ಸಾಲು ನಿಲ್ಲಿಸಲು, ಸಮಾರಂಭಕ್ಕೆ ಕುರ್ಚಿ ಹಾಕಿಸಲು, ರಜೆ ಹಾಕಿದ ಶಿಕ್ಷಕರ ತರಗತಿ ನೋಡಿಕೊಳ್ಳಲು ಅವರು ಬೇಕು. ಆಟದ ಪೀರಿಯಡ್ ಮಾತ್ರ ಗಣಿತಕ್ಕೆ ಹೋಗುತ್ತದೆ. ತಮ್ಮನ್ನು ಇತರ ಶಿಕ್ಷಕರಿಗೆ ಸಮಾನವಾಗಿ ಕಾಣಬೇಕೆಂದು ರಾಜ್ಯದ ದೈಹಿಕ ಶಿಕ್ಷಕರು ಬಹುಕಾಲ ಬೇಡಿಕೆ ಇಡುತ್ತ ಬಂದಿದ್ದಾರೆ. ಖಾಸಗಿ ಶಾಲೆಗಳು, ನಮ್ಮವೂ ಸೇರಿದಂತೆ, ಈ ವಿಷಯದಲ್ಲಿ ಸರಕಾರದತ್ತ ಬೆರಳು ತೋರಿಸುವ ಮೊದಲು ತಮ್ಮ ಸಂಬಳದ ಪಟ್ಟಿಯನ್ನು ತೆರೆದು ನೋಡುವುದು ಒಳ್ಳೆಯದು.

ಕೊನೆಯದಾಗಿ ಮೈದಾನದ ಪ್ರಶ್ನೆ. ಬೆಳ್ಳಂದೂರು 2007ರಲ್ಲಿ ಮಹಾನಗರಕ್ಕೆ ಸೇರುವವರೆಗೂ ತನ್ನದೇ ಗ್ರಾಮ ಪಂಚಾಯಿತಿಯಿದ್ದ ಊರು. ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಐಟಿ ಕಟ್ಟಡಗಳು ಎದ್ದವು. ಬೆಂಗಳೂರಿನ ಅತಿ ದೊಡ್ಡ ಕೆರೆಯಾದ ಇಲ್ಲಿಯ ಕೆರೆ ನೊರೆ ಉಗುಳಿ, 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿ ದೇಶಕ್ಕೆಲ್ಲ ಸುದ್ದಿಯಾಯಿತು. ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನೊಳಗೆ ಟೆನಿಸ್ ಅಂಗಣವಿದೆ, ಈಜುಕೊಳವಿದೆ. ಅದೇ ಗೇಟು ಕಾಯುವವರ, ಆ ಮನೆಗಳಲ್ಲಿ ಪಾತ್ರೆ ತೊಳೆಯುವವರ, ಕ್ಯಾಬ್ ಓಡಿಸುವವರ ಮಕ್ಕಳಿಗೆ ಓಡಲು ರಸ್ತೆಯೇ ಗತಿ. ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನೇ ಕೆಡವಲಾಯಿತು. ಮನೆಯೇ ಭದ್ರವಿಲ್ಲದ ಮಗುವಿಗೆ ಮೈದಾನ ಕೊಡುವವರು ಯಾರು? ಹುಡುಗರು ಹೇಗೋ ಗಲ್ಲಿಯಲ್ಲಿ ಆಡಿಕೊಳ್ಳುತ್ತಾರೆ. ಹುಡುಗಿಯರಿಗೆ ಶಾಲೆಯ ಅಂಗಳ ಬಿಟ್ಟರೆ ಬೇರೆ ಜಾಗವಿಲ್ಲ. ಆದ್ದರಿಂದ ಹೆಣ್ಣುಮಕ್ಕಳ ಶಾಲೆಯೊಂದು ತನ್ನ ಅಂಗಳದಲ್ಲಿ ಹೊಸ ಕಟ್ಟಡ ಎಬ್ಬಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಈ ಸಭೆಯ ಮುಂದೆ ನಾವು ಕೆಲವು ಬಿನ್ನಹಗಳನ್ನು ಇಡುತ್ತೇವೆ.

ಹೆತ್ತವರೇ, ಮಗಳ ಆಟಕ್ಕೆ ಅಡ್ಡಿ ಕಂಡರೆ ಶಾಲೆಗೆ ಬಂದು ಹೇಳಿ. ಉಡುಪು, ಪ್ರಯಾಣ, ಜೊತೆಗೆ ಹೋಗುವ ಶಿಕ್ಷಕಿ ಇವೆಲ್ಲಕ್ಕೂ ಕೂತು ಮಾತಾಡಿದರೆ ದಾರಿಯಿದೆ. ಪಂದ್ಯದ ದಿನ ಒಮ್ಮೆ ಮೈದಾನಕ್ಕೂ ಬನ್ನಿ. ತಾವು ಕಣ್ಣಾರೆ ಕಂಡರೆ ಅರ್ಧ ಆತಂಕ ಅಲ್ಲೇ ಕರಗುತ್ತದೆ.

ಶಾಲೆಯ ಆಡಳಿತದವರೇ, ಆಟದ ಪೀರಿಯಡ್ಡನ್ನು ಬೇರಾವ ವಿಷಯಕ್ಕೂ ಬಿಟ್ಟುಕೊಡಬೇಡಿ. ತರಬೇತುದಾರರಿಗೆ ಶಾಲಿನೊಂದಿಗೆ ನ್ಯಾಯವಾದ ಸಂಬಳವನ್ನೂ ಭದ್ರತೆಯನ್ನೂ ಕೊಡಿ.

ಜಮಾಅತಿನ ಹಿರಿಯರೇ, ನಮ್ಮ ಶಾದಿ ಮಹಲ್‌ಗಳ ಅಂಗಳಗಳು ಮದುವೆಯಿಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುತ್ತವೆ. ಸುತ್ತ ಗೋಡೆಯಿದೆ, ನೀರಿದೆ, ಶೌಚಾಲಯವಿದೆ. ಮುಂಜಾನೆ ಒಂದು ಗಂಟೆ ಅವುಗಳನ್ನು ಹೆಣ್ಣುಮಕ್ಕಳ ಅಭ್ಯಾಸಕ್ಕೆ ಬಿಟ್ಟುಕೊಟ್ಟರೆ ಕಾಸಿನ ಖರ್ಚಿಲ್ಲದೆ ದೊಡ್ಡ ಸೇವೆಯಾಗುತ್ತದೆ. ಸನ್ಮಾನದ ಖರ್ಚಿನ ಒಂದು ಪಾಲು ಬಡ ಮಕ್ಕಳ ಶೂಗಳಿಗೂ ಬಸ್ ಚಾರ್ಜಿಗೂ ಸಲ್ಲಲಿ.

ವಿದ್ಯಾರ್ಥಿನಿಯರೇ, ಇಂದು ಪದಕ ಸಿಗದೆ ಹಿಂದಿನ ಸಾಲಿನಲ್ಲಿ ಕೂತವರಿಗೂ ನಮ್ಮ ಮಾತು ಸಲ್ಲುತ್ತದೆ. ನಾಲ್ಕನೆಯವರಾಗಿ ಬಂದ ಉಷಾ ಅವರನ್ನು ದೇಶ ಮರೆತಿಲ್ಲ. ಗೆಲ್ಲುವುದು ಸೋಲುವುದು ಇದ್ದದ್ದೇ. ತಾವು ಓಡುತ್ತಿರಬೇಕು ಎಂಬುದಷ್ಟೇ ನಮ್ಮ ಕೋರಿಕೆ.

ಈ ಸನ್ಮಾನ ಸಾರ್ಥಕವಾಯಿತೇ ಎಂಬುದು ಮುಂದಿನ ವರ್ಷದ ಕ್ರೀಡಾಕೂಟಕ್ಕೆ ಹೆಸರು ಬರೆಸುವ ಹೊತ್ತಿಗೆ ತಿಳಿಯುತ್ತದೆ. ಇಂದು ಇಲ್ಲಿ ಶಾಲು ಹೊದ್ದ ಪ್ರತಿಯೊಬ್ಬ ಹುಡುಗಿಯ ಹೆಸರೂ ಆ ಪಟ್ಟಿಯಲ್ಲಿರಲಿ, ಅದರ ಕೆಳಗೆ ಹೆತ್ತವರ ಸಹಿಯಿರಲಿ ಎಂದು ಹಾರೈಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.