ಗೌಲಿಗೆ ಇಟಲಿಯ ಬೀಗರು

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತು. ಇ-ಸಂಚಿಕೆಗಾಗಿ ಬರೆದುಕೊಟ್ಟದ್ದು.)



ನನ್ನ ವಿಷಯ ಇಟಾಲಿಯನ್ ಅಡುಗೆ ಅಂತ ನಮ್ಮ ಗ್ರೂಪಿನಲ್ಲಿ ಹಾಕಿದ ಕೂಡಲೇ ಇಬ್ಬರು ಫೋನ್ ಮಾಡಿ ಕೇಳಿದರು, "ವೈಟ್ ಸಾಸಾ, ರೆಡ್ ಸಾಸಾ?" ಎರಡೂ ಅಲ್ಲ. ನಾನು ಹೇಳುವುದು ಹೋಟೆಲಿನ ಮೆನುವಿನಲ್ಲಿ ಸಿಗದ ಪಾಸ್ತಾ. ಇಟಲಿಯವರು ಮನೆಯಲ್ಲಿ ಮಕ್ಕಳಿಗೆ, ಜ್ವರ ಬಂದವರಿಗೆ, ವಯಸ್ಸಾದವರಿಗೆ, ಕೆಲಸದಿಂದ ಸುಸ್ತಾಗಿ ಬಂದ ತಮಗೆ ಅಂತ ಮಾಡಿಕೊಳ್ಳುವಂಥದ್ದು. ಅದಕ್ಕೆ ಪಾಸ್ತೀನಾ ಅನ್ನುತ್ತಾರೆ. ಪುಟ್ಟ ಪಾಸ್ತಾ ಅಂತಷ್ಟೇ ಅರ್ಥ.

ಇವುಗಳ ಹೆಸರು ಕೇಳಿದರೇ ಖುಷಿಯಾಗುತ್ತದೆ. ಸ್ಟೆಲ್ಲೀನೆ ಅಂದರೆ ಪುಟ್ಟ ನಕ್ಷತ್ರಗಳು. ಓರ್ಜೊ ಅಂದರೆ ಜವೆಗೋಧಿ, ಆದರೆ ನೋಡಲು ದಪ್ಪ ಅಕ್ಕಿಯ ಹಾಗೆ. ಡಿಟಾಲೀನಿ ಅಂದರೆ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಟೋಪಿ. ಅಚಿನಿ ದಿ ಪೇಪೆ ಅಂದರೆ ಮೆಣಸಿನ ಕಾಳು. ಕರಬೂಜದ ಬೀಜ, ಚಿಟ್ಟೆ, ಉಂಗುರ, ಆಲಿಕಲ್ಲು, ಎಲ್ಲವೂ ಇವೆ. ಇಷ್ಟು ಹೆಸರಿಟ್ಟವರು ಖಂಡಿತ ಮಕ್ಕಳಿಗೆ ಉಣ್ಣಿಸಿ ಸಾಕಾದ ತಾಯಂದಿರೇ ಇರಬೇಕು ಅಂತ ನನ್ನ ಅಂದಾಜು.

ನಾನು ಇದರ ಹಿಂದೆ ಬಿದ್ದದ್ದು ಹವ್ಯಾಸಕ್ಕಲ್ಲ. ಕಳೆದ ವರ್ಷ ದೀಪಾವಳಿ ಆದಮೇಲೆ ನಮ್ಮ ಅತ್ತೆಯವರಿಗೆ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅವರಿಗೆ ಈಗ ಎಂಬತ್ತೆರಡು. ಮನೆಗೆ ಬಂದರು, ಕೆಮ್ಮು ಹೋಯಿತು, ಊಟ ಮಾತ್ರ ಬರಲಿಲ್ಲ. ಗಂಜಿ ಕೊಟ್ಟರೆ "ಇದು ಜಡ್ಡಿನ ಊಟ, ನನಗ ಬ್ಯಾಡ" ಅನ್ನುವರು. ಮೆತ್ತಗಿನ ಅನ್ನ ಸಾರು ಎರಡು ತುತ್ತಿಗೆ ನಿಂತಿತು. ಹಲ್ಲಿನ ಸೆಟ್ಟು ಸಡಿಲಾಗಿ ಚಪಾತಿ ಮೊದಲೇ ಹೋಗಿತ್ತು. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದರು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು, ಏನಾದರೂ ಸರಿ, ಇಷ್ಟಪಟ್ಟು ತಿನ್ನಲಿ. ಹೇಳುವುದು ಸುಲಭ. ಏನು ಇಷ್ಟ ಅಂತ ಅವರಿಗೇ ಗೊತ್ತಿರಲಿಲ್ಲ.

ಆಗ ಮಗಳು ಹಾಸ್ಟೆಲಿನಿಂದ ರಜೆಗೆ ಬಂದಿದ್ದಳು. ತನಗೆ ಅಂತ ತಂದಿಟ್ಟಿದ್ದ ನಕ್ಷತ್ರದ ಪಾಸ್ತಾವನ್ನು ಒಂದು ರಾತ್ರಿ ತರಕಾರಿ ನೀರಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿಕೊಂಡು ಕೂತಳು. ಅತ್ತೆಯವರು ಪಕ್ಕದಿಂದ ಬಗ್ಗಿ ನೋಡಿದರು. "ಏನವಾ ಇದು, ಗೌಲಿ ಇದ್ದಂಗ ಅದಲ್ಲ?" ಅಂದರು. ಒಂದು ಚಮಚ ರುಚಿ ನೋಡಿದರು. ಆಮೇಲೆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. ಮಗಳು ಬೇರೆ ಬೇಯಿಸಿಕೊಂಡಳು.

ಗೌಲಿ ಅಂದರೆ ಇಲ್ಲಿ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ. ನೋಡಿ, ಧಾರವಾಡ, ವಿಜಾಪುರದ ಕಡೆಯವರೆಲ್ಲ ಎತ್ತಿದರು. ಮೈಸೂರಿನವರಿಗೆ ಹೇಳುತ್ತೇನೆ. ರವೆಯ ಕಣಕವನ್ನು ಬೆರಳ ತುದಿಯಲ್ಲಿ ಹೊಸೆದು ಅಕ್ಕಿಕಾಳಿನಷ್ಟು ಸಣ್ಣಗೆ ಮಾಡಿ ಒಣಗಿಸಿಡುವುದು. ಮದುವೆ ಮನೆಯಲ್ಲಿ ಅದರ ಪಾಯಸವಾಗಬೇಕು. ಬಟವಿಯೂ ಇದೇ ಬಳಗದ್ದು. ಇಲ್ಲಿ ಪುಣೆಯಲ್ಲಿ ನಮ್ಮ ಮರಾಠಿ ನೆರೆಯವರು ಗವ್ಹಲೆ ಅನ್ನುತ್ತಾರೆ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲೂ ಹೀಗೇ. ರವೆಗೆ ನೀರು ಚಿಮುಕಿಸಿ, ಅಗಲ ಪಾತ್ರೆಯಲ್ಲಿ ಬೆರಳಾಡಿಸಿ ಕಾಳು ಕಟ್ಟಿಸಿ, ಒಣಗಿಸಿ ಹುರಿಯುತ್ತಾರೆ, ಫ್ರೇಗೊಲಾ ಅಂತ ಹೆಸರು. ರೊಮಾನ್ಯಾ ಪ್ರಾಂತ್ಯದಲ್ಲಿ ಮೊಟ್ಟೆ ಹಾಕಿದ ಕಣಕವನ್ನು ಚಾಕುವಿನಿಂದ ಕೊಚ್ಚಿ ಪುಡಿ ಪುಡಿ ಮಾಡಿ ಸಾರಿನಲ್ಲಿ ಬೇಯಿಸುತ್ತಾರೆ. ಅದರ ಹೆಸರು ಮಾಲ್ಫತ್ತೀನಿ, ಅಂದರೆ ಸರಿಯಾಗಿ ಮಾಡದವು! ನಮ್ಮ ಅತ್ತೆಯವರು ಇದ್ದ ಮನೆಯಲ್ಲಿ ಆ ಹೆಸರಿನ ಅಡುಗೆ ಒಲೆ ಹತ್ತುತ್ತಿರಲಿಲ್ಲ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಹೊಟ್ಟೆ ಕೆಟ್ಟಾಗ, ಜ್ವರ ಬಿಟ್ಟಾಗ ಇಟಲಿಯವರು "ಮಾಂಜಾರೆ ಇನ್ ಬಿಯಾಂಕೊ" ಅನ್ನುತ್ತಾರಂತೆ. ಬಿಳಿಯದನ್ನು ಉಣ್ಣುವುದು ಅಂತ. ಟೊಮೇಟೊ ಇಲ್ಲ, ಖಾರ ಇಲ್ಲ, ಬರೀ ಬೇಯಿಸಿದ ಪಾಸ್ತಾ ಅಥವಾ ಅನ್ನ, ಸ್ವಲ್ಪ ಎಣ್ಣೆ ಅಥವಾ ಬೆಣ್ಣೆ. ನಾವು ಪಥ್ಯ ಅನ್ನುವುದಿಲ್ಲವೇ, ಅದೇ.

ಈಗ ಮಾಡುವ ಬಗೆ. ಮೊದಲು ಸಾರಿನ ನೀರು, ಅವರ ಭಾಷೆಯಲ್ಲಿ ಬ್ರೋಡೊ. ಪೆಲ್ಲೆಗ್ರೀನೊ ಆರ್ತೂಸಿ ಅನ್ನುವವರು 1891ರಲ್ಲಿ ಬರೆದ ಅಡುಗೆ ಪುಸ್ತಕ ಇಟಲಿಯ ಮನೆ ಮನೆಯಲ್ಲೂ ಹೆಸರಾದದ್ದು. ಅದರ ಮೊದಲ ಪಾಕವೇ ಬ್ರೋಡೊ. ಅವರದ್ದು ಮಾಂಸದ್ದು. ನಮ್ಮಂಥವರಿಗೆ ತರಕಾರಿಯದ್ದೂ ಅಲ್ಲಿ ಬಳಕೆಯಲ್ಲಿದೆ. ಒಂದು ಈರುಳ್ಳಿ, ಎರಡು ಗಜ್ಜರಿ, ಒಂದೆರಡು ಕಡ್ಡಿ ಸೆಲರಿ, ಒಂದು ಟೊಮೇಟೊ, ನಾಲ್ಕು ಮೆಣಸಿನ ಕಾಳು, ಒಂದೂವರೆ ಲೀಟರ್ ನೀರು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕುಕ್ಕರ್ ಬೇಡ, ನೀರು ಕದಡುತ್ತದೆ. ಸೋಸಿ, ಉಪ್ಪು ಹಾಕಿ.

ಚಾತುರ್ಮಾಸದಲ್ಲಿ ಈರುಳ್ಳಿ ಬೇಡವೆನ್ನುವ ಮನೆಗೆ ಹೆಸರುಬೇಳೆ ಕಟ್ಟು ಚೆನ್ನಾಗಿ ಒಗ್ಗುತ್ತದೆ. ಇದು ಇಟಲಿಯದ್ದಲ್ಲ, ನನ್ನದು. ಕೇಳಿದವರಿಗೆ ಹಾಗೇ ಹೇಳಿ.

ಒಬ್ಬರಿಗೆ ಮೂವತ್ತರಿಂದ ನಲವತ್ತು ಗ್ರಾಂ ಪಾಸ್ತಾ, ಅಂದರೆ ಮೂರು ದೊಡ್ಡ ಚಮಚ, ಸುಮಾರು ಮುನ್ನೂರು ಎಂ.ಎಲ್. ಕುದಿಯುವ ಸಾರಿಗೆ. ನಕ್ಷತ್ರ ಐದಾರು ನಿಮಿಷಕ್ಕೆ ಬೇಯುತ್ತದೆ, ಓರ್ಜೊ ಎಂಟು ಹತ್ತು. ಇಳಿಸಿ ಒಂದು ಚಮಚ ಬೆಣ್ಣೆ ಹಾಕಿ. ಬಡಿಸುವ ಹೊತ್ತಿಗೇ ಬೇಯಿಸಬೇಕು. ಇಟ್ಟರೆ ಸಾರನ್ನೆಲ್ಲ ಕುಡಿದು ಮುದ್ದೆಯಾಗುತ್ತದೆ. ಸಾರು ಬೇಕಾದರೆ ಎರಡು ದಿನ ಫ್ರಿಜ್ಜಿನಲ್ಲಿರಲಿ, ಪಾಸ್ತಾ ಮಾತ್ರ ಆಗಿಂದಾಗ.

ಚೀಸ್ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲೇ ಹೆಪ್ಪು ಹಾಕಬೇಕೆಂಬುದು ಅಲ್ಲಿಯ ನಿಯಮ. ಹಾಲಿನದ್ದು ತಾನೇ ಅಂತ ನಾವು ಸಸ್ಯಾಹಾರಿಗಳು ಹಾಕಿಕೊಂಡುಬಿಡುತ್ತೇವೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ನಮ್ಮ ದೇಶದಲ್ಲೇ ತಯಾರಾಗುವ ಹಸಿರು ಚುಕ್ಕೆಯ ಗಟ್ಟಿ ಚೀಸ್ ಸಿಗುತ್ತದೆ. ಚೀಸ್ ಇಲ್ಲದೆಯೂ ಏನೂ ಕೊರತೆಯಿಲ್ಲ.

ಇನ್ನು ಪೊಟ್ಟಣದ ಹಿಂದೆ ಡ್ಯೂರಮ್ ಗೋಧಿ ರವೆ ಅಂತ ಇದೆಯೇ ನೋಡಿ. ಇಟಲಿಯಲ್ಲಿ ಕಾನೂನಿನ ಪ್ರಕಾರ ಒಣ ಪಾಸ್ತಾ ಆ ಗೋಧಿಯದ್ದೇ ಆಗಿರಬೇಕು. ಮೈದಾದ್ದು ಬೆಂದ ಕೂಡಲೇ ಅಂಟಾಗುತ್ತದೆ. ನಮ್ಮ ಬನ್ಸಿ ರವೆಯೂ ಡ್ಯೂರಮ್ ಗೋಧಿಯದ್ದೇ. ಹಾಗಾಗಿ ಇಂಪೋರ್ಟೆಡ್ ಪೊಟ್ಟಣ ದುಬಾರಿ ಅನಿಸಿದರೆ ಬನ್ಸಿ ಶಾವಿಗೆಯನ್ನು ಸಣ್ಣಗೆ ಮುರಿದು ಹಾಕಿ. ಇಟಲಿಯವರೂ ಸ್ಪಗೆಟ್ಟಿ ಮುರಿದು ಸಾರಿಗೆ ಹಾಕುತ್ತಾರೆ.

ಗಂಡಸರಿಗೆ, ಬೆಳೆಯುವ ಮಕ್ಕಳಿಗೆ ಇಷ್ಟು ಸಾಲದು ಅಂದರೆ ಪಾಸ್ತಾ ಎ ಫಜೋಲಿ ಮಾಡಿ. ಪಾಸ್ತಾ ಮತ್ತು ಹುರುಳಿಕಾಯಿ ಜಾತಿಯ ಕಾಳು. ಚಿತ್ರಾ ರಾಜ್ಮಾ ನಡೆಯುತ್ತದೆ. ರಾತ್ರಿ ನೆನೆಸಿ, ಬೇಯಿಸಿ, ಅರ್ಧ ಕಾಳನ್ನು ಅರೆದುಕೊಳ್ಳಿ. ಎಣ್ಣೆಯಲ್ಲಿ ಈರುಳ್ಳಿ, ಗಜ್ಜರಿ, ಸೆಲರಿ ಸಣ್ಣಗೆ ಹುರಿದು, ಟೊಮೇಟೊ ಹಾಕಿ, ಕಾಳು ಹಾಕಿ, ಅದರಲ್ಲೇ ಡಿಟಾಲೀನಿ ಬೇಯಿಸಿದರಾಯಿತು. ನಮ್ಮವರು ಮೇಲೆ ಖಾರಪುಡಿ ಉದುರಿಸಿಕೊಳ್ಳುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ. ನೇಪಲ್ಸಿನಲ್ಲಿ ಆಲೂಗಡ್ಡೆ ಜೊತೆಗೂ ಮಾಡುತ್ತಾರೆ, ಡಬ್ಬಗಳ ತಳದಲ್ಲಿ ಉಳಿದ ಬೇರೆ ಬೇರೆ ಪಾಸ್ತಾಗಳನ್ನೆಲ್ಲ ಸೇರಿಸಿ. ಅಪ್ಪಟ ಸಂಸಾರಸ್ಥರ ಅಡುಗೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪಾರ್ಶ್ವವಾಯು ಆದವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ತೆಳು ನೀರು ಮತ್ತು ಕಾಳು ಒಟ್ಟಿಗಿರುವ ಊಟ ಅಪಾಯ. ನೀರು ಒಂದು ಕಡೆ, ಕಾಳು ಒಂದು ಕಡೆ ಹೋಗಿ ಗಂಟಲಲ್ಲಿ ಸಿಕ್ಕಬಹುದು. ಅಂಥವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಅತ್ತೆಯವರಿಗೆ ಆ ತೊಂದರೆ ಇಲ್ಲವೆಂದು ನಾವು ಮೊದಲೇ ಕೇಳಿಕೊಂಡಿದ್ದೆವು.

ಅಮೆರಿಕದಲ್ಲಿ ನೆಲೆಸಿದ ಇಟಲಿ ಮೂಲದವರ ಒಂದು ಸುದ್ದಿ ಇದೆ. 2023ರ ಜನವರಿಯಲ್ಲಿ ಅಲ್ಲಿಯ ರೊನ್ಜೋನಿ ಕಂಪನಿ ತನ್ನ ನಕ್ಷತ್ರದ ಪಾಸ್ತೀನಾ ನಿಲ್ಲಿಸುತ್ತೇವೆ ಅಂದಾಗ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು, ಅಂಗಡಿಗಳಲ್ಲಿ ಉಳಿದದ್ದನ್ನು ಹುಡುಕಿ ಹುಡುಕಿ ಕೊಂಡರು. ಬೇರೆ ಆಕಾರದ ಪಾಸ್ತಾ ಬೇಕಾದಷ್ಟಿತ್ತು. ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುರೆಳ್ಳು ಚಟ್ನಿಯ ಡಬ್ಬಿ ಖಾಲಿಯಾದಾಗ ನಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು.

ಅತ್ತೆಯವರು ದಿನಾ ರಾತ್ರಿ ಒಂದು ಬಟ್ಟಲು ನಕ್ಷತ್ರ ಉಣ್ಣತೊಡಗಿದರು. ಸಂಕ್ರಾಂತಿಯ ಹೊತ್ತಿಗೆ ಎರಡು ಕಿಲೋ ತಿರುಗಿ ಬಂದಿತ್ತು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚಿರೋಟಿ ರವೆ, ಹಾಲು ಕೇಳಿದರು. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಗೌಲಿ ಹೊಸೆಯಲು ಕೂತರು. ಕೈ ನಡುಗುತ್ತದೆ, ಒಂದೊಂದು ಕಾಳು ಒಂದೊಂದು ಅಳತೆ. ಮಗಳದ್ದು ಇನ್ನೂ ದಪ್ಪ. "ನಿನ್ನವು ಹುಣಸಿಬೀಜ ಆಗ್ಯಾವ" ಅಂತ ಬೈದರು. ಅವರು ಬೈದದ್ದು ಕೇಳಿ ನಾನು ಅಡುಗೆಮನೆಯೊಳಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಆರು ತಿಂಗಳಾಗಿತ್ತು ಅವರು ಯಾರನ್ನೂ ಬೈದು. ಒಣಗಿದ ಮೇಲೆ ಅರ್ಧಕ್ಕೆ ಪಾಯಸ, ಅರ್ಧಕ್ಕೆ ಬ್ರೋಡೊ. ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಬ್ರೋಡೊ ಕುಡಿದು "ಒಗ್ಗರಣಿ ಬೇಕಿತ್ತು" ಅಂದರು.

ಸರಿ, ಚಹಾ ಬರುವ ಹೊತ್ತಾಯಿತು, ನಾನೂ ಒಂದು ದೊಡ್ಡ ಪಾತ್ರೆ ತಂದಿದ್ದೇನೆ. ಹಿಂದಿನ ಮೇಜಿನ ಮೇಲೆ ಎರಡು ಥರ್ಮಾಸಿನಲ್ಲಿ ಸಾರಿದೆ, ಎಡಗಡೆಯದ್ದು ಈರುಳ್ಳಿ ಇಲ್ಲದ್ದು. ಇಂಡಕ್ಷನ್ ಒಲೆಯ ಮೇಲೆ ನಿಮ್ಮೆದುರಿಗೇ ನಕ್ಷತ್ರ ಬೇಯಿಸುತ್ತೇನೆ. ಬಟ್ಟಲು ಮೂವತ್ತೇ ಇವೆ, ಹಿರಿಯರು ಮೊದಲು ಬನ್ನಿ.