ಮಲ್ಲವಿನೋದದಿಂದ ಮಲ್ಲಕಾಯಕಕ್ಕೆ

ಬಸವಕಲ್ಯಾಣದ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಅನುಭವಮಂಟಪದ ಕಡೆಗೆ ಹರಿಯುವುದು ಸಹಜ. ಆದರೆ ಶರಣರ ಕಾಲಕ್ಕಿಂತ ಒಂದು ತಲೆಮಾರು ಮೊದಲು, ಆ ಕಲ್ಯಾಣದ ಅರಸನೇ ಕುಸ್ತಿಯ ಜಟ್ಟಿಗಳನ್ನು ಕುರಿತು ಒಂದು ಅಧ್ಯಾಯವನ್ನು ಬರೆದನೆಂಬ ಸಂಗತಿ ಎಲ್ಲರಿಗೂ ತಿಳಿದಿರಲಾರದು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ನೂರು ಅಧ್ಯಾಯಗಳ ಬೃಹದ್ಗ್ರಂಥ. ಅದರಲ್ಲಿ ಅರಸನ ವಿನೋದಗಳಿಗೆಂದೇ ಒಂದು ಭಾಗ ಮೀಸಲಾಗಿದೆ. ಅವುಗಳಲ್ಲಿ ಒಂದು 'ಮಲ್ಲವಿನೋದ'.

ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಇವುಗಳಿಗೆ ಅನುಸಾರವಾಗಿ ಹೇಗೆ ವಿಂಗಡಿಸಬೇಕು, ಅವರು ಯಾವ ಸಾಧನೆ ಮಾಡಬೇಕು, ಏನನ್ನು ಉಣ್ಣಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿ ಭಕ್ಷ್ಯ ಇವನ್ನು ಒದಗಿಸುವ ಹೊಣೆ ಅರಸನದು. ಮಲ್ಲರಾದರೋ ಅರಮನೆಯ ಸ್ತ್ರೀಯರಿಂದ ದೂರವಿದ್ದು, ಮೈಯನ್ನು ಬೆಳೆಸುವುದೊಂದೇ ವ್ರತವೆಂದು ಬಾಳಬೇಕು.

ಕೇಳುಗ ಬಂಧುಗಳೇ, ಆ ಅಧ್ಯಾಯದ ಹೆಸರನ್ನು ತುಸು ಗಮನಿಸೋಣ. ವಿನೋದವೆಂದರೆ ಯಾರ ವಿನೋದ? ಮಲ್ಲನದಲ್ಲ, ನೋಡುವ ಅರಸನದು. ಬೆವರು ಮಲ್ಲನದು, ಮುರಿಯುವ ಎಲುಬು ಮಲ್ಲನದು, ಸಂತೋಷ ಮಾತ್ರ ಸಿಂಹಾಸನದ ಮೇಲೆ ಕುಳಿತವನದು. ಇದಾದ ಎರಡು ಮೂರು ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಕಾಯಕವೆಂಬ ಇನ್ನೊಂದು ಮಾತನ್ನು ಎತ್ತಿ ಹಿಡಿದರು. ಮೈಮುರಿದು ದುಡಿಯುವವನ ದುಡಿಮೆ ಇನ್ನೊಬ್ಬನ ಮೋಜಲ್ಲ. ಅದಕ್ಕೆ ತನ್ನದೇ ಗೌರವವಿದೆ, ತನ್ನದೇ ಫಲವಿದೆ, ಆ ಫಲವು ದಾಸೋಹವಾಗಿ ನಾಲ್ವರಿಗೆ ಸಲ್ಲಬೇಕು ಎಂಬುದು ಅದರ ತಾತ್ಪರ್ಯ. ಕುಸ್ತಿಯಿಂದ ಸಿರಿವಂತರಾದವರ ಕಥೆಯನ್ನು ಈ ಎರಡು ಮಾತುಗಳ ಬೆಳಕಿನಲ್ಲಿ ನೋಡಿದರೆ, ಯಾರ ಸಿರಿ ಉಳಿಯಿತು, ಯಾರದು ಕರಗಿತು ಎಂಬುದರ ಕಾರಣ ಸ್ಪಷ್ಟವಾಗುತ್ತದೆ.

ಮೊದಲು ಗಾಮಾ ಪೈಲವಾನರನ್ನು ನೆನೆಯೋಣ. 1910ರಲ್ಲಿ ಲಂಡನ್ನಿಗೆ ಹೋಗಿ, ಪೋಲೆಂಡಿನ ಜಬಿಸ್ಕೋನನ್ನು ಗಂಟೆಗಟ್ಟಲೆ ಕಾಡಿ, ಮರು ಕುಸ್ತಿಗೆ ಅವನು ಬಾರದೆ ಹೋದಾಗ ಜಗಜಟ್ಟಿಯ ಪಟ್ಟಿಯನ್ನು ಧರಿಸಿ ಬಂದ ಧೀರ ಅವರು. 1928ರಲ್ಲಿ ಪಟಿಯಾಲದಲ್ಲಿ ಅದೇ ಜಬಿಸ್ಕೋನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದರು. ಪಟಿಯಾಲದ ಮಹಾರಾಜರ ಆಶ್ರಯದಲ್ಲಿ ಅವರಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಅದೆಲ್ಲ ಆಶ್ರಯದ ಸಿರಿ. 1947ರಲ್ಲಿ ದೇಶ ಒಡೆಯಿತು, ಸಂಸ್ಥಾನಗಳು ಅಳಿದವು. ಲಾಹೋರಿನಲ್ಲಿ ನೆಲೆಸಿದ ಗಾಮಾ ಕೊನೆಯ ದಿನಗಳಲ್ಲಿ ರೋಗದಿಂದಲೂ ಬಡತನದಿಂದಲೂ ಬಳಲಿ 1960ರಲ್ಲಿ ತೀರಿಕೊಂಡರು. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರು ಧನಸಹಾಯ ಕಳುಹಿಸಿದರು. ಕಣದಲ್ಲಿ ಯಾರಿಗೂ ಬೆನ್ನು ಮಣ್ಣು ಮಾಡಿಸಿಕೊಳ್ಳದವರಿಗೆ ಕೊಟ್ಟಕೊನೆಗೆ ದೊರೆತದ್ದೂ ಒಬ್ಬರ ಕೊಡುಗೆಯೇ. ಅರಸ ಹೋದ ಮೇಲೆ ಅರಸನ ವಿನೋದಕ್ಕೆ ನೆಲೆಯೆಲ್ಲಿ?

ಇದಕ್ಕೆ ಪ್ರತಿಯಾಗಿ ದಾರಾಸಿಂಗರ ಬಾಳನ್ನು ನೋಡಿ. 1928ರಲ್ಲಿ ಅಮೃತಸರದ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಈ ರೈತನ ಮಗ ಹೊಟ್ಟೆಪಾಡಿಗೆಂದು ಸಿಂಗಾಪುರಕ್ಕೆ ಹೋದರು. ಅಲ್ಲಿ ಪೀಪಾಯಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತ ಕುಸ್ತಿಯನ್ನು ವೃತ್ತಿಯಾಗಿ ಹಿಡಿದರು. ಇವರನ್ನು ಸಾಕಿದವನು ಯಾವ ಮಹಾರಾಜನೂ ಅಲ್ಲ. ಟಿಕೇಟು ಕೊಂಡು ಒಳಬಂದ ಸಾಮಾನ್ಯ ಪ್ರೇಕ್ಷಕ. ಭಾರಿ ದೇಹದ ಕಿಂಗ್ ಕಾಂಗನೊಡನೆ ಅವರು ಹೋರಾಡಿದ ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತು. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಮಣಿಸಿದರು.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮೈಯಲ್ಲಿ ಕಸುವಿದ್ದಾಗಲೇ ಅವರು ಕಣದಾಚೆಗೆ ಕಣ್ಣು ಹಾಯಿಸಿದ್ದು. 1962ರ 'ಕಿಂಗ್ ಕಾಂಗ್' ಚಿತ್ರದಿಂದ ನಾಯಕನಟರಾದರು. ಮುಂದೆ ನಿರ್ಮಾಪಕರೂ ನಿರ್ದೇಶಕರೂ ಆದರು. 1978ರಲ್ಲಿ ಮೊಹಾಲಿಯಲ್ಲಿ ತಮ್ಮದೇ ಚಿತ್ರಶಾಲೆಯನ್ನು ಕಟ್ಟಿದರು. 1983ರಲ್ಲಿ ಕಣಕ್ಕೆ ವಿದಾಯ ಹೇಳುವಾಗ ಅವರ ಬದುಕು ಕಣವನ್ನು ಆಶ್ರಯಿಸಿರಲಿಲ್ಲ. 1987ರಿಂದ ದೂರದರ್ಶನದ 'ರಾಮಾಯಣ'ದಲ್ಲಿ ಹನುಮಂತನಾಗಿ ಮನೆಮನೆಗೂ ಬಂದರು. ಗರಡಿಯ ಗೋಡೆಯ ಮೇಲೆ ಪಟವಾಗಿರುವ ದೇವರ ಪಾತ್ರವನ್ನೇ ಪೈಲವಾನನೊಬ್ಬ ಧರಿಸಿದ್ದು ಎಷ್ಟು ಸಹಜವಾಗಿತ್ತೆಂದರೆ, ನಮ್ಮ ಜನ ಅದನ್ನು ಅಭಿನಯವೆಂದು ಬಗೆಯಲಿಲ್ಲ. 2003ರಲ್ಲಿ ರಾಜ್ಯಸಭೆಯ ಸದಸ್ಯರಾದರು. 2012ರಲ್ಲಿ ತುಂಬು ಬಾಳು ಬಾಳಿ ತೀರಿಕೊಂಡರು.

ಇಷ್ಟರಿಂದ, ಟಿಕೇಟಿನ ಕುಸ್ತಿಯೇ ಸಿರಿಗೆ ಹೆದ್ದಾರಿ ಎಂದು ತೀರ್ಮಾನಿಸುವುದು ಅವಸರವಾದೀತು. ನಮ್ಮ ಹುಡುಗರು ದೂರದರ್ಶನದಲ್ಲಿ ಕಣ್ಣರಳಿಸಿ ನೋಡುವ ಅಮೆರಿಕದ ಕುಸ್ತಿಯನ್ನೇ ತೆಗೆದುಕೊಳ್ಳಿ. ಅದು ಕ್ರೀಡೆಯಲ್ಲ, ಮನರಂಜನೆ ಎಂದು ಅದನ್ನು ನಡೆಸುವ ಕಂಪೆನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಒಪ್ಪಿಕೊಂಡಿತು. ಸೋಲುಗೆಲುವು ಮೊದಲೇ ಗೊತ್ತಾಗಿರುತ್ತದೆ. ಆದರೆ ಬೀಳುವ ಪೆಟ್ಟು ಮಾತ್ರ ನಿಜವಾದದ್ದು. ಅಷ್ಟಾಗಿಯೂ ಆ ಜಟ್ಟಿಗಳು ಕಂಪೆನಿಯ ನೌಕರರಲ್ಲ, ಕರಾರಿನ ಮೇಲೆ ದುಡಿಯುವ ಸ್ವತಂತ್ರ ಗುತ್ತಿಗೆದಾರರು ಎಂಬುದೇ ಅಲ್ಲಿಯ ಲೆಕ್ಕ. ಎಷ್ಟೋ ಸಲ ಜಟ್ಟಿ ಯಾವ ಹೆಸರಿನಿಂದ ಪ್ರಸಿದ್ಧನಾಗಿದ್ದಾನೋ ಆ ಹೆಸರು ಕೂಡ ಕಂಪೆನಿಯ ಸೊತ್ತು.

ಡ್ವೇನ್ ಜಾನ್ಸನ್ ಎಂಬಾತನ ಅಜ್ಜನೂ ತಂದೆಯೂ ಕುಸ್ತಿಯವರೇ. 1995ರಲ್ಲಿ ಫುಟ್ಬಾಲ್ ತಂಡದಿಂದ ಹೊರಬಿದ್ದಾಗ ತನ್ನ ಜೇಬಿನಲ್ಲಿ ಇದ್ದದ್ದು ಏಳೇ ಡಾಲರು ಎಂದು ಆತನೇ ಹೇಳಿಕೊಂಡಿದ್ದಾನೆ. ಮರುವರ್ಷ ಕಣಕ್ಕಿಳಿದು 'ರಾಕ್' ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದ. ಚಲನಚಿತ್ರಗಳಿಂದ ಅಪಾರ ಹಣ ಗಳಿಸಿದ. ಸ್ವಂತ ನಿರ್ಮಾಣಸಂಸ್ಥೆಗೆ ಆ ಏಳು ಡಾಲರಿನ ಹೆಸರನ್ನೇ ಇಟ್ಟ. ಆದರೂ 'ರಾಕ್' ಎಂಬ ಆ ಹೆಸರಿನ ಪೂರ್ಣ ಹಕ್ಕು ಆತನಿಗೆ ದೊರೆತದ್ದು 2024ರಲ್ಲಿ, ಕಂಪೆನಿಯ ಆಡಳಿತ ಮಂಡಲಿಯಲ್ಲಿ ಆತನೂ ಒಬ್ಬನಾದ ಮೇಲೆ! ಅರಸನ ಬದಲು ಕಂಪೆನಿ ಬಂದಿತು. ವಿನೋದ ವಿನೋದವಾಗಿಯೇ ಉಳಿಯಿತು. ಅದನ್ನು ಕಾಯಕವನ್ನಾಗಿ ಮಾಡಿಕೊಂಡವರು ಬೆರಳೆಣಿಕೆಯಷ್ಟು ಜನ.

ಇನ್ನು ನಮ್ಮ ಸೀಮೆಗೆ ಬರೋಣ. ಸೊಲ್ಲಾಪುರ-ಹೈದರಾಬಾದು ಹೆದ್ದಾರಿಯ ಮೇಲಿರುವ ಹುಮನಾಬಾದದಲ್ಲಿ ವೀರಭದ್ರೇಶ್ವರನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರು ಕಡೆಗಳ ಜನ ಕೂಡುತ್ತಾರೆ. ಈ ಭಾಗದ ಜಾತ್ರೆಯ ಕುಸ್ತಿಗಳಲ್ಲಿ ಹುಡುಗರ ಮೊದಲ ಜೋಡಿಗೆ ತೆಂಗಿನಕಾಯಿ, ಕೊನೆಯ ಜೋಡಿಗೆ ಬೆಳ್ಳಿಯ ಕಡಗ. ಹಲಗೆಯ ಬಡಿತಕ್ಕೆ ಮೈ ಜುಮ್ಮೆನ್ನುತ್ತದೆ. ಗೆದ್ದವನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಅದು ಕಣ್ಣಿಗೆ ಹಬ್ಬ, ನಿಜ. ಆದರೆ ಆ ಕಡಗದ ಬೆಲೆಯನ್ನೂ, ಅದನ್ನು ಗೆಲ್ಲುವುದಕ್ಕಾಗಿ ಮನೆಯವರು ವರ್ಷವಿಡೀ ಹಾಲು, ತುಪ್ಪ, ಬಾದಾಮಿಗೆಂದು ಸುರಿದ ಖರ್ಚನ್ನೂ ತಕ್ಕಡಿಯಲ್ಲಿ ಇಟ್ಟು ತೂಗಿದರೆ ಯಾವ ತಟ್ಟೆ ಕೆಳಗಿಳಿಯುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಬಸವಕಲ್ಯಾಣದ ನೆರೆಯ ನಿಲಂಗಾ ಸೀಮೆಯ ಹರಿಶ್ಚಂದ್ರ ಬಿರಾಜದಾರರನ್ನು ಇಲ್ಲಿ ಸ್ಮರಿಸಬೇಕು. ಇಂದು ನಿಲಂಗಾ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಅದು ಬೀದರ ಜಿಲ್ಲೆಯದೇ ತಾಲೂಕು. ಬಿರಾಜದಾರರು ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿ, 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಬೆಳಗಾವಿಯ ಕಣದಲ್ಲಿ ದಿಲ್ಲಿಯ ಸತ್ಪಾಲರನ್ನು ಸೋಲಿಸಿ ಮನೆಮಾತಾದರು. ಅವರ ಕಣದಾಚೆಯ ಗಳಿಕೆ ಸಿನಿಮಾದ್ದಲ್ಲ, ಶಿಷ್ಯರದು. ಪುಣೆಯ ತಾಲೀಮಿನಲ್ಲಿ ಉಸ್ತಾದರಾಗಿ ಅವರು ಬೆಳೆಸಿದ ಕಾಕಾ ಪವಾರರು ಅರ್ಜುನ ಪ್ರಶಸ್ತಿಯನ್ನು ಪಡೆದರು. ಅವರ ಗರಡಿಯಲ್ಲಿಯೇ ಮಣ್ಣು ಹಿಡಿದ ರಾಹುಲ ಆವಾರೆ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ತಂದು, ಮಹಾರಾಷ್ಟ್ರ ಪೊಲೀಸಿನಲ್ಲಿ ಅಧಿಕಾರಿಯಾದ. ಆ ಚಿನ್ನವನ್ನು ನೋಡಲು ಉಸ್ತಾದರು ಇರಲಿಲ್ಲ, 2011ರಲ್ಲಿಯೇ ತೀರಿಕೊಂಡಿದ್ದರು. ಪಡೆದ ವಿದ್ಯೆಯನ್ನು ಹೀಗೆ ಹಂಚಿ ಹೋದದ್ದನ್ನು ದಾಸೋಹವೆನ್ನದೆ ಮತ್ತೇನೆನ್ನಬೇಕು?

ಹಾಗೆಂದು ಹಣ ಮುಖ್ಯವಲ್ಲ, ಕೀರ್ತಿಯೇ ಸಾಕು ಎಂದು ಪೈಲವಾನನಿಗೆ ಉಪದೇಶಿಸುವ ಅಧಿಕಾರ ನಮಗಿಲ್ಲ. ಹೆಗಲ ಮೇಲೆ ಹೊತ್ತು ಕುಣಿದ ನಾವೇ, ಆತನ ಮೊಣಕಾಲು ಕೈಕೊಟ್ಟ ಮರುವರ್ಷ ಅವನ ಹೆಸರನ್ನು ಮರೆಯುತ್ತೇವೆ. ಮುಪ್ಪಿನ ಪೈಲವಾನರಿಗೆ ಕರ್ನಾಟಕ ಸರ್ಕಾರ ಮಾಸಾಶನದ ಏರ್ಪಾಟು ಮಾಡಿರುವುದು ಸ್ತುತ್ಯರ್ಹ. ಆದರೆ ಅರ್ಜಿ ಹಾಕಲು ಬರುವ ವೃದ್ಧನನ್ನು ಬೇಡಲು ಬಂದವನಂತೆ ನಡೆಸಿಕೊಂಡರೆ ಅದೂ ಅರಸನ ಕೊಡುಗೆಯೇ ಆಗಿಬಿಡುತ್ತದೆ. ಜಾತ್ರೆಯ ಸಮಿತಿಗಳವರು ಕಡಗದೊಡನೆ ಗೆದ್ದವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದಿಷ್ಟು ಹಣವಿಡಲಿ. ಕಣದಲ್ಲಿ ಪೆಟ್ಟಾದವನ ಔಷಧದ ವೆಚ್ಚಕ್ಕೆ ಮೊದಲೇ ಒಂದು ಭಾಗ ತೆಗೆದಿರಿಸಲಿ. ಉಸ್ತಾದರು ಬೆಳಿಗ್ಗೆ ಸಾಮು ಮಾಡಿಸಿದ ಹುಡುಗ ಹತ್ತು ಗಂಟೆಗೆ ಶಾಲೆಯಲ್ಲಿದ್ದಾನೆಯೇ ಎಂದು ವಿಚಾರಿಸಲಿ.

ಸೋಮೇಶ್ವರನು ತನ್ನ ಮಲ್ಲರಿಗೆ ಹಾಲು ಸಕ್ಕರೆಗಳನ್ನು ತಪ್ಪಿಸಬಾರದೆಂದು ಬರೆದಿಟ್ಟ. ಆ ಔದಾರ್ಯವನ್ನು ಕಡೆಗಣಿಸುವಂತಿಲ್ಲ. ಆದರೆ ಕಸುವು ಇಳಿದ ಮೇಲೂ ಪೈಲವಾನನು ಯಾರ ಮುಂದೆಯೂ ಕೈಯೊಡ್ಡದೆ ತನ್ನ ಮನೆಯ ಜಗುಲಿಯ ಮೇಲೆ ಕುಳಿತು, ಓಣಿಯ ಹುಡುಗರಿಗೆ ಪಟ್ಟು ಹೇಳಿಕೊಡುವಂತಾಗಬೇಕು. ಅಂಥ ದಿನವನ್ನು ತರುವ ಕೆಲಸ ಬಸವಕಲ್ಯಾಣ, ಹುಮನಾಬಾದಗಳ ಜಾತ್ರೆಯ ಕಣದಿಂದಲೇ ಮೊದಲಾಗಲಿ.